ಘಟ್ಟ ಇಳಿದ ಎಂಜಿನ್

ಬೆಳಿಗ್ಗೆ ಆರೂಕಾಲು. ಪ್ಯಾಡಕ್ಕಿನ ದೀಪಗಳು ಇನ್ನೂ ಆರಿಲ್ಲ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಬಂದ ಲಾರಿಯ ಬೆನ್ನಿನಿಂದ ಬಿಳಿ ಬಣ್ಣದ ಹಳೆಯ ಲ್ಯಾನ್ಸರ್ ಕಾರೊಂದು ಹಿಂದುಹಿಂದಾಗಿ ಇಳಿಯುತ್ತಿದೆ. ಇಬ್ಬರು ಹುಡುಗರು ಹಲಗೆಗಳ ಪಕ್ಕ ಬಗ್ಗಿ ನಿಂತು "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದಾರೆ. ಮೇಸ್ತ್ರಿ ಮಾತ್ರ ಕಾರಿನ ಕಡೆ ನೋಡುತ್ತಿಲ್ಲ. ಲಾರಿಯ ಕ್ಯಾಬಿನ್ನಿಗೆ ಕೈ ಹಾಕಿ ಒಂದು ಖಾಲಿ ನೀರಿನ ಬಾಟಲಿ ತೆಗೆದು ನನ್ನ ಕೈಗಿಟ್ಟರು. ಮುಚ್ಚಳ ಬಿಗಿಯಾಗಿಯೇ ಇತ್ತು. ಆದರೂ ಬಾಟಲಿಯ ಎರಡು ಪಕ್ಕ ಯಾರೋ ಹಿಂಡಿದ ಹಾಗೆ ಒಳಕ್ಕೆ ಹೋಗಿದ್ದವು.

"ಹೊಸೂರು ದಾಟೋ ಮುಂಚೆ ನೀರು ಕುಡಿದು ಮುಚ್ಚಳ ಹಾಕಿದ್ದು ಸಾರ್. ಆಮೇಲೆ ಯಾರೂ ಮುಟ್ಟಿಲ್ಲ. ಇಲ್ಲಿನ ಗಾಳಿ ಅದನ್ನ ಹಿಂಡಿದೆ."

ಆಮೇಲೆ ಕಾರಿನೊಳಗೆ ಕೂತು ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ, ಎಂಜಿನ್ ಶುರು ಮಾಡದೆ ಇಗ್ನಿಶನ್ ಮಾತ್ರ ಹಾಕಿ, ಪರದೆಯ ಮೇಲಿನ ಒಂದು ಅಂಕಿಯನ್ನು ಬೆರಳಿನಿಂದ ತೋರಿಸಿದರು: ಹೊರಗಿನ ಗಾಳಿಯ ಒತ್ತಡ, 101 ಕಿಲೋಪ್ಯಾಸ್ಕಲ್. ಮೊನ್ನೆ ರಾತ್ರಿ ಮಾಗಡಿ ರಸ್ತೆಯ ಆಚೆಗಿನ ಅವರ ಗ್ಯಾರೇಜಿನಲ್ಲಿ ಇದೇ ಜಾಗದಲ್ಲಿ ನಾನು ನೋಡಿದ್ದು 91. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೃಷ್ಣಗಿರಿ, ಆಂಬೂರು, ವೆಲ್ಲೂರು ಹಾದು ಬರುವಾಗ ರಸ್ತೆ ಇಳಿಯುತ್ತಲೇ ಇರುತ್ತದೆ. ನಿದ್ದೆಗಣ್ಣಿನಲ್ಲಿರುವ ನಮಗೆ ಗೊತ್ತಾಗುವುದಿಲ್ಲ, ಬಾಟಲಿಗೆ ಗೊತ್ತಾಗುತ್ತದೆ. ಎಂಜಿನ್ನಿಗೂ ಗೊತ್ತಾಗುತ್ತದೆ. ಅಲ್ಲಿ ಕೂರಿಸಿದ ಲೆಕ್ಕವನ್ನು ಇಲ್ಲಿ ಮತ್ತೆ ಕೂರಿಸಬೇಕು. ಅದನ್ನು ಕಣ್ಣಾರೆ ನೋಡಲೆಂದೇ ನಾನು ಲಾರಿ ಹತ್ತಿದ್ದೆ.

ಚೆನ್ನೈಗೆ ಇನ್ನೂ ಒಂದು ಗಂಟೆಯ ದಾರಿ ಇರುವಾಗಲೇ ಸಿಗುವ ಊರು ಇರುಂಗಾಟ್ಟುಕೋಟೈ. ನಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಹುಟ್ಟಿದ ಶ್ರೀಪೆರುಂಬುದೂರು ಹಿಂದೆಯೇ ಸಿಕ್ಕಿತ್ತು. ಹ್ಯುಂಡೈ ಕಾರ್ಖಾನೆಯೂ ಇರುಂಗಾಟ್ಟುಕೋಟೈಯಲ್ಲೇ ಇದೆ. ನಾವು ಬಂದಿಳಿದ ಇಲ್ಲಿನ ರೇಸ್ ಟ್ರ್ಯಾಕು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು, ಆ ಕ್ಲಬ್ಬು ಹುಟ್ಟಿದ್ದು 1953ರಲ್ಲಿ. ಅವರು ಬಹುಕಾಲ ರೇಸು ನಡೆಸಿದ್ದು ಚೆನ್ನೈನ ಉತ್ತರಕ್ಕಿರುವ ಷೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯ ಮೇಲೆ. ಬೆಂಗಳೂರಿನ ಹಳೆಯ ಮೆಕ್ಯಾನಿಕ್‌ಗಳಿಗೆ ಇಂದಿಗೂ 'ಷೋಲಾವರಂ' ಎಂದರೆ ಕಣ್ಣು ಅರಳುತ್ತದೆ. ರೇಸಿಗೆಂದೇ ಕಟ್ಟಿದ ಈ ಟ್ರ್ಯಾಕು ಶುರುವಾದದ್ದು 1990ರಲ್ಲಿ. ಒಂದು ಸುತ್ತು 3.7 ಕಿಲೋಮೀಟರು, 12 ತಿರುವುಗಳು. ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಇವತ್ತು ರೇಸಿಲ್ಲ, ಅಭ್ಯಾಸದ ದಿನ. ಗಡಿಯಾರದ ಜೊತೆ ಮಾತ್ರ ಸ್ಪರ್ಧೆ.

ಹುಡುಗರು ಬಾನೆಟ್ ಎತ್ತಿದರು.

ಈ ಲ್ಯಾನ್ಸರ್ ತವರಿಗೇ ಬಂದಿದೆ ಎನ್ನಬಹುದು. ಹಿಂದುಸ್ತಾನ್ ಮೋಟಾರ್ಸ್ ಮತ್ತು ಮಿತ್ಸುಬಿಷಿ ಸೇರಿ 1998ರಿಂದ ಚೆನ್ನೈ ಪಕ್ಕದ ತಿರುವಳ್ಳೂರಿನಲ್ಲಿ ಇದನ್ನು ತಯಾರಿಸುತ್ತಿದ್ದವು. ಆಗ ಇದರಲ್ಲಿದ್ದದ್ದು ಸುಮಾರು 90 ಅಶ್ವಶಕ್ತಿಯ 1.5 ಲೀಟರಿನ ಸಂಭಾವಿತ ಎಂಜಿನ್. ಈಗ ಅದರ ಜಾಗದಲ್ಲಿ ಕೂತಿರುವುದು 4ಜಿ63. ಅದೇ ಕಂಪನಿಯ ಲ್ಯಾನ್ಸರ್ ಎವಲ್ಯೂಷನ್‌ನ ಎಂಜಿನ್, 1,997 ಸಿಸಿ, ಟರ್ಬೋ ಸಹಿತ. 1996ರಿಂದ 1999ರವರೆಗೆ ಫಿನ್ಲೆಂಡಿನ ಟಾಮಿ ಮಾಕಿನೆನ್ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಎವಲ್ಯೂಷನ್ ಕಾರುಗಳಲ್ಲೇ. ಎಂಜಿನ್ ಬದಲಿಸುವ ಹುಚ್ಚು ಇರುವವರು ನಮ್ಮಲ್ಲಿ ಈ ಲ್ಯಾನ್ಸರನ್ನೇ ಹುಡುಕುವುದಕ್ಕೆ ಕಾರಣವಿದೆ. ಜಪಾನಿನ ನಾಲ್ಕು, ಐದು, ಆರನೆಯ ಎವಲ್ಯೂಷನ್ ಕಾರುಗಳು ಎದ್ದದ್ದು ತಿರುವಳ್ಳೂರಿನ ಲ್ಯಾನ್ಸರಿನ ತಲೆಮಾರಿನ ಚೌಕಟ್ಟಿನ ಮೇಲೇ. ಒಂದೇ ವಂಶದ ಬಡ ಮನೆಗೆ ಸಿರಿವಂತ ಮನೆಯ ಹೃದಯ ಹೊಂದುತ್ತದೆ. ಹಾಗೆಂದು ಸುಲಭವೇನಲ್ಲ. ಮೌಂಟುಗಳನ್ನು ಲೇತಿನಲ್ಲಿ ಮಾಡಿಸಬೇಕು, ಆಕ್ಸಲ್ ಉದ್ದ ಹೊಂದಿಸಬೇಕು, ವೈರಿಂಗನ್ನು ಮೊದಲಿನಿಂದ ಹೆಣೆಯಬೇಕು. ಈ ಎಂಜಿನ್ ಬಂದದ್ದು ಹಾಫ್‌ಕಟ್ ಆಗಿ, ಅಂದರೆ ಹೊರದೇಶದಲ್ಲಿ ಅರ್ಧಕ್ಕೆ ಕತ್ತರಿಸಿದ ಕಾರಿನ ಮುಂಭಾಗವಾಗಿ. ಉಳಿದ ಸಾಮಾನು ಜೆ.ಸಿ. ರಸ್ತೆಯದು, ಶಿವಾಜಿನಗರದ ಗುಜರಿಯದು, ಕೆಲವು ಕೊರಿಯರಿನಲ್ಲಿ ಬಂದವು.

ಇಂಥ ಕಾರು ರಸ್ತೆಯಲ್ಲಿ ಓಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅದು ಸರಿಯೇ ಎಂಬುದು ನನ್ನ ಅಭಿಪ್ರಾಯ. ಮೂರು ಪಟ್ಟು ಶಕ್ತಿ ತುಂಬಿದ ಕಾರಿಗೆ ಹೊಸೂರು ರಸ್ತೆಯಲ್ಲಿ ಕೆಲಸವಿಲ್ಲ. ಬೇಲಿ ಇರುವ, ಆಂಬುಲೆನ್ಸ್ ನಿಂತಿರುವ, ಎದುರಿನಿಂದ ಯಾರೂ ಬಾರದ ಈ 3.7 ಕಿಲೋಮೀಟರು ಅದರ ಊರು. ಅದಕ್ಕೇ ಲಾರಿ.

ಮೇಸ್ತ್ರಿ ಎಂದು ಹುಡುಗರು ಕರೆಯುವ ಇವರು ಸಕಲೇಶಪುರದ ಕಡೆಯವರು. ತಂದೆ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುತ್ತಿದ್ದರು. ಮಗ ಡಿಪ್ಲೊಮಾ ಓದಿ ಬೆಂಗಳೂರಿಗೆ ಬಂದು ಮೊದಲು ಕಾರ್ಬ್ಯುರೇಟರ್, ಆಮೇಲೆ ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಕಲಿತರು. ಕಾರಿನ ಓನರ್ ಬನಶಂಕರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ 34 ವರ್ಷದ ಯುವಕ. ಓಡಿಸುವವರೂ ಅವರೇ. ಇಬ್ಬರ ನಡುವೆ ಒಂದು ಹಳೆಯ ಜಗಳ ಇದೆ, ಅದು 80 ಅಶ್ವಶಕ್ತಿಯ ಜಗಳ. ಈ ಕಾರು ಮೊದಲು ಬೇರೊಂದು ಕಡೆ ಟ್ಯೂನ್ ಆಗಿತ್ತು. ದೊಡ್ಡ ಟರ್ಬೋ, 1.7 ಬಾರ್ ಬೂಸ್ಟ್, ಚಕ್ರದ ಮೇಲೆ ಅಳೆದರೆ 390. ಡ್ರ್ಯಾಗ್ ಓಟಕ್ಕೆ ಅದು ಸಾಕು, ಹತ್ತು ಹನ್ನೆರಡು ಸೆಕೆಂಡಿಗೆ ಎಲ್ಲ ಮುಗಿಯುತ್ತದೆ. ಹೋದ ವರ್ಷ ಅದೇ ಸ್ಥಿತಿಯಲ್ಲಿ ಇಲ್ಲಿಗೆ ತಂದರು. ಆರನೇ ಸುತ್ತಿಗೆ ಎಂಜಿನ್ ಬೇರಿಂಗ್ ತಿಂದಿತು. ಮೇಸ್ತ್ರಿ ಅದನ್ನು ಬಿಚ್ಚಿ ಕಟ್ಟುವಾಗ ಟರ್ಬೋ ಚಿಕ್ಕದು ಮಾಡಿದರು, ಬೂಸ್ಟ್ ಇಳಿಸಿದರು. ಈಗ ಚಕ್ರದ ಮೇಲೆ 310. ಓನರ್‌ಗೆ ಒಳಗೊಳಗೇ ಕಸಿವಿಸಿ ಇದ್ದೇ ಇದೆ.

ಚಿಕ್ಕ ಟರ್ಬೋ ಏಕೆ ಎಂದು ಕೇಳಿದೆ. ಮೇಸ್ತ್ರಿ ನನ್ನನ್ನು ಬಾನೆಟ್ಟಿನ ಒಳಗೆ ಬಗ್ಗಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ತೋರಿಸಿದರು. ನಾಲ್ಕು ಸಿಲಿಂಡರುಗಳ ಹೊಗೆ ಎರಡು ಜೋಡಿಯಾಗಿ ಟರ್ಬೋಗೆ ಹೋಗುತ್ತದೆ, 1 ಮತ್ತು 4 ಒಂದು ಬಾಯಿಗೆ, 2 ಮತ್ತು 3 ಇನ್ನೊಂದಕ್ಕೆ. ಕಿಡಿ ಹತ್ತುವ ಸರದಿ 1-3-4-2. ಹಾಗಾಗಿ ಒಂದು ಬಾಯಿಗೆ ಬೆನ್ನುಬೆನ್ನಿಗೆ ಎರಡು ಹೊಡೆತ ಬೀಳುವುದಿಲ್ಲ, ಒಂದರ ಉಸಿರು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಟರ್ಬೋದ ಚಕ್ರ ಬೇಗ ಎದ್ದು ತಿರುಗುತ್ತದೆ. "ನೇರ ದಾರೀಲಿ ಎಷ್ಟು ಪವರ್ ಅನ್ನೋದು ಎಲ್ಲಾರಿಗೂ ಕಾಣುತ್ತೆ. ತಿರುವಿನಿಂದ ಹೊರಗೆ ಬರೋವಾಗ 3,500 ಆರ್‌ಪಿಎಮ್‌ನಲ್ಲಿ ಕಾಲಿಟ್ಟರೆ ಏನು ಸಿಗುತ್ತೆ, ಅದು ಲ್ಯಾಪ್ ಟೈಮು. ದೊಡ್ಡ ಟರ್ಬೋ ಇದ್ದಾಗ ಕಾಲಿಟ್ಟು ಕಾಯಬೇಕಿತ್ತು. ಕಾದು ಕಾದು ಒಂದೇ ಸಲ ಬಂದು ಮುಂದಿನ ಎರಡು ಚಕ್ರ ಗರಗರ ಸುತ್ತಿಬಿಡ್ತಿದ್ದವು."

ಮುಂದಿನ ಚಕ್ರಗಳೇ ಎಳೆಯಬೇಕು, ಅವೇ ತಿರುಗಿಸಬೇಕು. ಆದ್ದರಿಂದ ಗೇರಿಗೆ ತಕ್ಕ ಹಾಗೆ ಬೂಸ್ಟ್ ಇಟ್ಟಿದ್ದಾರೆ: ಎರಡನೇ ಗೇರಿನಲ್ಲಿ 0.7 ಬಾರ್, ಮೂರರಲ್ಲಿ 0.9, ಅದರ ಮೇಲೆ 1.2. ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟಿನ ಸ್ಪ್ರಿಂಗ್ 0.7ರದು, ಅದಕ್ಕಿಂತ ಕೆಳಗಿಳಿಸಲು ಬರುವುದಿಲ್ಲ.

ಈಗ ಬಾಟಲಿಯ ವಿಷಯಕ್ಕೆ ಬರುತ್ತೇನೆ. ಆ ಸ್ಪ್ರಿಂಗಿಗೆ ಹೊರಗಿನ ಗಾಳಿಯೇ ಸೊನ್ನೆ. ಎಲ್ಲಿದ್ದರೂ ಅದು ಹೊರಗಿನದರ ಮೇಲೆ ಇಷ್ಟು ಎಂದು ಅಳೆಯುತ್ತದೆ. ಬೆಂಗಳೂರಿನಲ್ಲಿ 1.2 ಬಾರ್ ಎಂದರೆ 91ಕ್ಕೆ 120 ಕೂಡಿ ಎಂಜಿನ್ನಿನೊಳಗೆ 211 ಕಿಲೋಪ್ಯಾಸ್ಕಲ್. ಇಲ್ಲಿ ಅದೇ 1.2 ಬಾರ್ ಎಂದರೆ 221. ಮೀಟರಿನ ಮುಳ್ಳು ಅದೇ ಜಾಗದಲ್ಲಿ ನಿಲ್ಲುತ್ತದೆ, ಆದರೆ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿರುತ್ತದೆ. ಕಿಡಿ ಎಷ್ಟು ಡಿಗ್ರಿ ಮುಂಚೆ ಹತ್ತಬೇಕು ಎಂಬ ಪಟ್ಟಿ, ಅಂದರೆ ಟೈಮಿಂಗ್ ಮ್ಯಾಪು, ಸಾಲು ಸಾಲಾಗಿ ಒತ್ತಡದ ಮೇಲೆ ನಿಂತಿದೆ. ಬೆಂಗಳೂರಿನ ಡೈನೋ ಮೇಲೆ, ಅಂದರೆ ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ರೋಲರುಗಳ ಮೇಲೆ, 220ರ ಸಾಲಿಗೆ ಎಂಜಿನ್ ಕಾಲಿಟ್ಟೇ ಇರಲಿಲ್ಲ. ಮೇಸ್ತ್ರಿ ಆ ಸಾಲನ್ನು ಅನುಭವದಿಂದ ತುಂಬಿದ್ದರು, ಹೊಡೆದು ನೋಡಿರಲಿಲ್ಲ.

ಅದಕ್ಕೆ ಮೊದಲ ಕೆಲಸವಾಗಿ ಮೇಲಿನ ಗೇರುಗಳ ಬೂಸ್ಟನ್ನು 1.2ರಿಂದ 1.1ಕ್ಕೆ ಇಳಿಸಿದರು. ಈಗ ಮತ್ತೆ 211. ಊರಿನಲ್ಲಿ ನೋಡಿದ ಸಾಲಿಗೇ ಎಂಜಿನ್ ಬಂದು ನಿಂತಿತು. ಇದರಲ್ಲಿ ಒಂದು ಲಾಭವೂ ಇದೆ. ಅಲ್ಲಿ ಟರ್ಬೋ ಗಾಳಿಯನ್ನು 2.3 ಪಟ್ಟು ಒತ್ತಬೇಕಿತ್ತು, ಇಲ್ಲಿ 2.1 ಪಟ್ಟು ಒತ್ತಿದರೆ ಸಾಕು. "ಟರ್ಬೋಗೆ ಇಲ್ಲಿ ಆರಾಮ. ಉಳಿದವರಿಗೆಲ್ಲ ಕಷ್ಟ" ಎಂದು ಮೇಸ್ತ್ರಿ ಆಕಾಶ ನೋಡಿದರು. ಏಳು ಗಂಟೆಗೇ ಅಂಗಿ ಬೆನ್ನಿಗೆ ಅಂಟಿತ್ತು.

ತಪಾಸಣೆ ಬೇಗ ಮುಗಿಯಿತು. ರೋಲ್ ಕೇಜ್, ಬೆಲ್ಟು, ಬೆಂಕಿ ಆರಿಸುವ ಸಿಲಿಂಡರ್, ಹೊರಗಿನಿಂದಲೇ ಎಂಜಿನ್ ನಿಲ್ಲಿಸುವ ಸ್ವಿಚ್ಚು, ಆಯಿಲ್ ಆವಿಯನ್ನು ಹಿಡಿದಿಡುವ ಡಬ್ಬಿ. ತಮಿಳಿನಲ್ಲಿ ಕೇಳಿದ್ದಕ್ಕೆ ಹುಡುಗರು ಕನ್ನಡದಲ್ಲಿ ಉತ್ತರಿಸಿದರು, ಇಬ್ಬರಿಗೂ ಅರ್ಥವಾಯಿತು.

ಒಂಬತ್ತಕ್ಕೆ ಮೊದಲ ಸರದಿ. ನಾವು ಪಿಟ್ ಗೋಡೆಯ ಹತ್ತಿರ ನಿಂತೆವು. ಮುಖ್ಯ ನೇರ ದಾರಿಯಲ್ಲಿ ಕಾರು ಹಾದುಹೋದಾಗ ಎದೆಯ ಗೂಡು ಅಲುಗಿತು. ಗೇರು ಬದಲಾಗುವ ಕ್ಷಣದಲ್ಲಿ ಚಪ್ಪಾಳೆಯ ಹಾಗೆ ಒಂದು ಸದ್ದು, ಹಿಂದೆಯೇ ಕುಕ್ಕರಿನ ಹಬೆ ಬಿಟ್ಟಂಥ ಉಸಿರು. ಹುಡುಗರಲ್ಲಿ ಒಬ್ಬ ಗಡಿಯಾರ ಹಿಡಿದು ಕೂಗುತ್ತಿದ್ದ. ಎರಡನೇ ಸುತ್ತು 1 ನಿಮಿಷ 57.8 ಸೆಕೆಂಡು. ಓನರ್ ಈ ಟ್ರ್ಯಾಕಿನಲ್ಲಿ ಇದುವರೆಗೆ ಹೊಡೆದ ಅತಿ ಒಳ್ಳೆಯ ಸುತ್ತು. ಹುಡುಗರು ಕೈ ತಟ್ಟಿದರು. ಮೇಸ್ತ್ರಿ ತಟ್ಟಲಿಲ್ಲ. ನಾಲ್ಕನೆಯದು 1:59.4. ಆರನೆಯದು 2:00.9.

ಕಾರು ಒಳಗೆ ಬಂದಾಗ ಬಾನೆಟ್ಟಿನ ಸಂದಿಯಿಂದ ಬಂದ ಶಾಖಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಟರ್ಬೋದ ಕಬ್ಬಿಣ ಕುಲುಮೆಯಿಂದ ತೆಗೆದ ಕುಡುಗೋಲಿನ ಬಣ್ಣದಲ್ಲಿತ್ತು, ನೋಡನೋಡುತ್ತ ಕಪ್ಪಾಯಿತು. ಒಬ್ಬ ಹುಡುಗ ಟೈರಿಗೆ ಸೂಜಿಯ ಥರ್ಮಾಮೀಟರ್ ಚುಚ್ಚಿ ಒಳಗೆ, ನಡುವೆ, ಹೊರಗೆ ಎಂದು ಮೂರು ಅಂಕಿ ಬರೆದುಕೊಂಡ. ಇನ್ನೊಬ್ಬ ಬ್ರೇಕ್ ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಡಾಟ್ 4 ಎಂಬ ಸಾಮಾನ್ಯ ಬ್ರೇಕ್ ಆಯಿಲ್ ಹೊಸತಾಗಿರುವಾಗ 230 ಡಿಗ್ರಿ ತಡೆದರೆ ಸಾಕು ಎಂಬುದು ಮಾನದಂಡ, ಆದರೆ ತೇವ ಕುಡಿದ ಮೇಲೆ 155ಕ್ಕೇ ಕುದಿಯಬಹುದು. ಇಲ್ಲಿ 300 ದಾಟುವ ರೇಸಿನ ಆಯಿಲ್ ಹಾಕಿದ್ದಾರೆ, ಪೆಡಲ್ ಗಟ್ಟಿಯಾಗಿಯೇ ಇತ್ತು. ಓನರ್ ಹೆಲ್ಮೆಟ್ ತೆಗೆದವರೇ ಕೇಳಿದ್ದು ಒಂದೇ ಮಾತು: "ಯಾಕಣ್ಣ ಕೊನೆಗೆ ಎಳೀಲಿಲ್ಲ?"

ಮೇಸ್ತ್ರಿ ಲ್ಯಾಪ್‌ಟಾಪ್ ತಿರುಗಿಸಿದರು. ಆರು ಸುತ್ತುಗಳ ಕಥೆ ಗೆರೆಗಳಾಗಿ ಬಿದ್ದಿತ್ತು. ನೀಲಿ ಗೆರೆ ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ. ಮೊದಲ ಸುತ್ತಿನ ಕೊನೆಗೆ 44 ಡಿಗ್ರಿ. ನಾಲ್ಕಕ್ಕೆ 63. ಆರಕ್ಕೆ 67. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ಗೊತ್ತಿರುವ ವಿಷಯ. ಟರ್ಬೋದಿಂದ ಹೊರಬರುವ ಗಾಳಿ 130 ಡಿಗ್ರಿ ದಾಟಿರುತ್ತದೆ. ಬಂಪರಿನ ಹಿಂದಿರುವ ಇಂಟರ್‌ಕೂಲರ್ ಅದನ್ನು ತಣಿಸಬೇಕು. ಡೈನೋ ಮೇಲೆ ಒಂದು ಎಳೆತ ಹನ್ನೆರಡು ಸೆಕೆಂಡು. ಮುಂದೆ ದೊಡ್ಡ ಫ್ಯಾನು, ಎರಡು ಎಳೆತಗಳ ನಡುವೆ ಬಿಡುವು. ಇಲ್ಲಿ ಬಿಡುವಿಲ್ಲ, ಒತ್ತಡ ಒಂದೇ ಇದ್ದರೂ ಬಿಸಿ ಬೇರೆ. ಬಿಸಿ ಗಾಳಿಯನ್ನು ಕಂಡ ಕೂಡಲೇ ಇಸಿಯು ತಾನಾಗಿ ಟೈಮಿಂಗನ್ನು ಹಿಂದಕ್ಕೆ ಎಳೆದಿತ್ತು. ಎಳೆಯದಿದ್ದರೆ ಏನಾಗುತ್ತಿತ್ತು ಎಂಬುದನ್ನು ಕೆಂಪು ಗೆರೆ ಹೇಳಿತು. ಐದನೇ ಸುತ್ತಿನಲ್ಲಿ ನಾಲ್ಕನೇ ಗೇರು, 4,800 ಆರ್‌ಪಿಎಮ್, ಅಲ್ಲಿ ಮೂರು ಮುಳ್ಳುಗಳು.

"ನಾಕ್" ಎಂದರು ಮೇಸ್ತ್ರಿ. ಆ ಪದ ಹೇಳುವಾಗ ಅವರ ದನಿ ತಗ್ಗಿತು.

ನಾಕಿಂಗ್ ನಮಗೆ ಹೊಸದಲ್ಲ. ನನ್ನ ತಂದೆಯ ಅಂಬಾಸಿಡರ್ ಶಿರಾಡಿ ಘಾಟಿ ಏರುವಾಗ ಎಂಜಿನ್ನಿನಿಂದ ಕಟಕಟ ಸದ್ದು ಬಂದರೆ ಅಮ್ಮನಿಗೂ ಗೊತ್ತಿತ್ತು, "ಗೇರ್ ಇಳಿಸಿ" ಎನ್ನುತ್ತಿದ್ದಳು. ಕಿಡಿಯಿಂದ ಹತ್ತಿದ ಜ್ವಾಲೆ ಸಿಲಿಂಡರಿನ ಮೂಲೆ ಮುಟ್ಟುವ ಮೊದಲೇ ಆ ಮೂಲೆಯ ಪೆಟ್ರೋಲು ಶಾಖ ತಾಳಲಾರದೆ ತಾನಾಗಿ ಸಿಡಿಯುತ್ತದೆ, ಆ ಏಟಿನ ಸದ್ದು ಅದು. ಅಂಬಾಸಿಡರ್ ಅದನ್ನು ಮೈಲುಗಟ್ಟಲೆ ತಡೆದುಕೊಳ್ಳುತ್ತಿತ್ತು. ಎರಡು ವಾತಾವರಣದ ಒತ್ತಡ ತುಂಬಿಕೊಂಡ ಎಂಜಿನ್ನಿನಲ್ಲಿ ಅಂಥ ಕೆಲವೇ ಏಟು ಪಿಸ್ಟನ್ನಿನ ಅಂಚನ್ನು ಮುರಿಯಬಲ್ಲವು.

ಮೊನ್ನೆ ರಾತ್ರಿ ಗ್ಯಾರೇಜಿನಲ್ಲಿ ಮೇಸ್ತ್ರಿ ನನಗೆ ಆ ಸದ್ದನ್ನು ಕೇಳಿಸಿದ್ದರು. ಎಂಜಿನ್ ಬ್ಲಾಕಿಗೆ ಒಂದು ಸಂವೇದಕ ಬಿಗಿದು, ಅದರ ವೈರನ್ನು ತಮ್ಮ ಕೈಯಾರೆ ಮಾಡಿದ ಪೆಟ್ಟಿಗೆಗೆ ಸೇರಿಸಿ, ಅಲ್ಲಿಂದ ಹೆಡ್‌ಫೋನು. 85 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ನಾಕ್ ಸುಮಾರು 6.7 ಕಿಲೋಹರ್ಟ್ಜ್‌ನಲ್ಲಿ ಮೊಳಗುತ್ತದೆ, ಗಂಟೆಯ ಗಾತ್ರಕ್ಕೆ ತಕ್ಕ ನಾದ ಇರುವ ಹಾಗೆ. ಪೆಟ್ಟಿಗೆ ಆ ನಾದವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಡೈನೋ ರೋಲರಿನ ಮೇಲೆ ಕಾರು ಕಿರುಚುತ್ತಿತ್ತು, ಕಿವಿಯೊಳಗೆ ಮಾತ್ರ ಜಡಿಮಳೆಯಂಥ ಸಮನಾದ ಸದ್ದು. ಮೇಸ್ತ್ರಿ ಮ್ಯಾಪಿನ ಒಂದು ಚೌಕದಲ್ಲಿ ಟೈಮಿಂಗನ್ನು ಅರ್ಧ ಡಿಗ್ರಿ ಮುಂದಕ್ಕೆ ತಂದರು. ಮತ್ತೆ ಎಳೆದರು. ಮಳೆಯ ನಡುವೆ ತಗಡಿನ ಮೇಲೆ ಒಂದು, ಒಂದೇ ಒಂದು ಕಾಳು ಬಿದ್ದ ಹಾಗಾಯಿತು. ನಾನು ಗುರುತಿಸುವಷ್ಟರಲ್ಲಿ ಅವರ ಕಾಲು ಆಕ್ಸಿಲರೇಟರಿನಿಂದ ಎದ್ದಾಗಿತ್ತು. ಅಲ್ಲಿಂದ ಎರಡು ಡಿಗ್ರಿ ಹಿಂದಕ್ಕೆ ಬಂದು ನಿಂತರು. ಆ ಎರಡು ಡಿಗ್ರಿಯಲ್ಲಿ ಹತ್ತಿಪ್ಪತ್ತು ಅಶ್ವಶಕ್ತಿ ಇತ್ತು. ಓನರ್ ಅದನ್ನು ನೋಡುತ್ತ ನಿಂತಿದ್ದರು, ಬಾಯಿ ಬಿಡಲಿಲ್ಲ.

ಆ ರಾತ್ರಿ ಬಿಟ್ಟುಕೊಟ್ಟ ಎರಡು ಡಿಗ್ರಿಯೇ ಈ ಬೆಳಿಗ್ಗೆ ಐದನೇ ಸುತ್ತಿನಲ್ಲಿ ಪಿಸ್ಟನ್ ಉಳಿಸಿದ್ದು. ಗೆರೆಗಳ ಮುಂದೆ ಮೂವರೂ ಬಗ್ಗಿದ್ದಾಗ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ರೇಸಿನ ಟ್ಯೂನಿಂಗ್ ಎಂದರೆ ಶಕ್ತಿ ಹಿಂಡುವ ವಿದ್ಯೆ ಎಂದೇ ನಾನೂ ತಿಳಿದಿದ್ದೆ. ನಾನು ನೋಡಿದ್ದು ಬೇರೆ. ಇಡೀ ದಿನ ಆ ಮನುಷ್ಯ ಕೊಟ್ಟಿದ್ದಕ್ಕಿಂತ ಹಿಂದಕ್ಕೆ ತೆಗೆದುಕೊಂಡಿದ್ದೇ ಹೆಚ್ಚು. ಎರಡನೇ ಸುತ್ತಿನಲ್ಲಿ ಇದ್ದದ್ದು ಹತ್ತನೆಯದರಲ್ಲೂ ಇರಬೇಕು, ಅಷ್ಟೇ ಅವರ ಹಟ.

ಪೆಟ್ರೋಲಿನ ಬಗ್ಗೆ ಎರಡು ಮಾತು. ಟ್ಯಾಂಕಿನಲ್ಲಿರುವುದು ನಾಕನ್ನು ಹೆಚ್ಚು ತಡೆಯುವ 100 ಆಕ್ಟೇನಿನದು. ಇಂಡಿಯನ್ ಆಯಿಲ್ ಇದನ್ನು ಎಕ್ಸ್‌ಪಿ100 ಎಂಬ ಹೆಸರಿನಲ್ಲಿ 2020ರ ಡಿಸೆಂಬರಿನಲ್ಲಿ ಬಂಕುಗಳಿಗೆ ತಂದಿತು. ಸಾಮಾನ್ಯ ಪೆಟ್ರೋಲು ಹಾಕಿದ್ದರೆ ಅದರ ಕಡಿಮೆ ಆಕ್ಟೇನಿಗೆ ಹೆದರಿ ಬೂಸ್ಟನ್ನು ಕಟ್ಟಿಹಾಕಬೇಕಿತ್ತು. ಪೂರ್ತಿ ಬೂಸ್ಟಿನಲ್ಲಿ ಮೇಸ್ತ್ರಿ ಲ್ಯಾಂಬ್ಡಾ 0.78 ಇಡುತ್ತಾರೆ, ಅಂದರೆ ಸುಡಲು ಬೇಕಾದುದಕ್ಕಿಂತ ಹೆಚ್ಚೇ ಪೆಟ್ರೋಲು. ಆ ಹೆಚ್ಚಿನ ಪೆಟ್ರೋಲು ಸಿಲಿಂಡರಿನೊಳಗೆ ಆವಿಯಾಗುತ್ತ ತಂಪು ಮಾಡುತ್ತದೆ. ಬೇಸಿಗೆಯಲ್ಲಿ ಅಂಗಳಕ್ಕೆ ನೀರು ಚಿಮುಕಿಸುತ್ತಾರಲ್ಲ, ಅದೇ ಉಪಾಯ.

ನಾಕಿಗೆ ಮದ್ದು ಮ್ಯಾಪಿನಲ್ಲಿ ಮಾತ್ರ ಇರಲಿಲ್ಲ. ಬಂಪರ್ ಬಿಚ್ಚಿದಾಗ ಇಂಟರ್‌ಕೂಲರಿನ ಪಕ್ಕ ಅಂಟಿಸಿದ್ದ ಫೋಮಿನ ಪಟ್ಟಿ ಕಿತ್ತು ಜೋತಾಡುತ್ತಿತ್ತು. ಎರಡು ಬೆರಳಿನಷ್ಟು ಸಂದಿ. ಗಾಳಿ ಕಷ್ಟದ ದಾರಿ ಬಿಟ್ಟು ಆ ಸಂದಿಯಿಂದ ನುಸುಳಿ ಹೋಗುತ್ತಿತ್ತು, ಇಂಟರ್‌ಕೂಲರ್ ಬಾಯಾರಿ ಕೂತಿತ್ತು. ಹುಡುಗರು ಅಲ್ಯೂಮಿನಿಯಂ ತಗಡು ಕತ್ತರಿಸಿ ರಿವೆಟ್ ಹೊಡೆದು, ಅಂಚಿಗೆ ಹೊಸ ಫೋಮು ತುಂಬಿ, ಬೆಳ್ಳಿ ಟೇಪು ಸುತ್ತಿದರು. ಮೇಸ್ತ್ರಿ ಒಂದು ಕಾಗದದ ಚೂರನ್ನು ಸಂದಿಗೆ ತುರುಕಲು ನೋಡಿದರು. ಹೋಗಲಿಲ್ಲ. "ಆಯ್ತು." ಇದೆಲ್ಲ ನಲವತ್ತು ನಿಮಿಷದ ಕೆಲಸ, ಸಾಮಾನಿಗೆ ಆದ ಖರ್ಚು ಒಂದು ಊಟದಷ್ಟು.

ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದು ಗೆರೆ ಇತ್ತು, ಹಳದಿ. ಆಯಿಲ್ ಒತ್ತಡ. ಅದನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು ಓನರ್. ಹೋದ ವರ್ಷ ಬೇರಿಂಗ್ ಹೋದದ್ದು ಇದೇ ಗೆರೆಯಿಂದ, ಆಗ ಅದನ್ನು ನೋಡುವ ಏರ್ಪಾಡೇ ಇರಲಿಲ್ಲ. ಮುಖ್ಯ ನೇರ ದಾರಿ ಮುಗಿದು ಬರುವ ಮೊದಲ ತಿರುವಿಗೆ ರೇಸಿನವರು ಸಿ-1 ಎನ್ನುತ್ತಾರೆ. ವೇಗದ, ದೀರ್ಘ ತಿರುವು. ಪ್ರತಿ ಸುತ್ತಿನಲ್ಲೂ ಅಲ್ಲಿ ಹಳದಿ ಗೆರೆ 5.2 ಬಾರಿನಿಂದ 4.4ಕ್ಕೆ ಕುಸಿದು ಮೇಲೇಳುತ್ತಿತ್ತು.

"ನಡೀರಿ, ತೋರಿಸ್ತೀನಿ" ಎಂದು ಮೇಸ್ತ್ರಿ ನನ್ನನ್ನು ಬೇಲಿಯ ಹಾದಿಯಲ್ಲಿ ಸಿ-1ರವರೆಗೆ ನಡೆಸಿದರು. ಹಾದಿಯುದ್ದಕ್ಕೂ ಒಣ ಹುಲ್ಲು, ಸುಟ್ಟ ರಬ್ಬರಿನ ವಾಸನೆ. ಟೈರಿನ ಗೋಡೆಯ ಆಚೆ ನಿಂತು ಬೇರೆ ಕಾರುಗಳನ್ನು ನೋಡಿದೆವು. ನೇರ ದಾರಿಯಲ್ಲಿ ನಮ್ಮ ಕಡೆ ನುಗ್ಗಿಬರುವ ಕಾರು ತಿರುವಿಗೆ ಬಿದ್ದ ಕೂಡಲೇ ಹೊರಗಿನ ಎರಡು ಚಕ್ರಗಳ ಮೇಲೆ ಕುಕ್ಕರಿಸುತ್ತದೆ. ಒಳಗಿನ ಚಕ್ರ ಹಗುರಾಗಿ ರಸ್ತೆಯನ್ನು ಸವರಿಕೊಂಡು ಹೋಗುತ್ತದೆ. ಮೇಸ್ತ್ರಿ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅಡ್ಡ ಹಿಡಿದು ಒಂದು ಪಕ್ಕಕ್ಕೆ ಜಗ್ಗಿದರು. ನೀರೆಲ್ಲ ಒಂದು ತುದಿಗೆ ಏರಿ ನಿಂತಿತು. ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಯಲ್ಲೂ ಹೀಗೆಯೇ ಆಗುತ್ತದೆ. ತನ್ನ ಭಾರಕ್ಕಿಂತ ಹೆಚ್ಚಿನ ಬಲ ಪಕ್ಕಕ್ಕೆ ಎಳೆದಾಗ ಆಯಿಲು ಗೋಡೆ ಹತ್ತುತ್ತದೆ, ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಗುತ್ತದೆ. ನಿಮಿಷಕ್ಕೆ ಏಳು ಸಾವಿರ ಸುತ್ತು ತಿರುಗುವ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ. ಅದು ಒಂದು ಸೆಕೆಂಡು ತುಂಡಾದರೂ ಲೋಹ ಲೋಹವನ್ನು ಮುಟ್ಟುತ್ತದೆ.

ಈ ಸಲ ಆಯಿಲ್ ತಟ್ಟೆಯೊಳಗೆ ಅಡ್ಡ ಗೋಡೆಗಳನ್ನು ವೆಲ್ಡ್ ಮಾಡಿ, ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳನ್ನು ಇಟ್ಟಿದ್ದಾರೆ. ಆಯಿಲು ಕೊಳವೆಯ ಕಡೆ ಬರಬಹುದು, ವಾಪಸು ಹೋಗುವಂತಿಲ್ಲ. ಕಳೆದ ವರ್ಷ ಆಯಿಲು ಪೂರ್ತಿ ಕೈಕೊಟ್ಟ ಜಾಗದಲ್ಲಿ ಈಗ 4.4 ಉಳಿದಿದೆ. ಆದರೂ ಅವರು ಅರ್ಧ ಲೀಟರ್ ಆಯಿಲು ಹೆಚ್ಚು ಸುರಿದರು. 4,000 ಆರ್‌ಪಿಎಮ್ ಮೇಲೆ ಒತ್ತಡ 3 ಬಾರಿಗಿಂತ ಕೆಳಗಿಳಿದರೆ ಎಂಜಿನ್ ತಾನಾಗಿ ನಿಲ್ಲುವಂತೆ ಇಸಿಯುವಿಗೆ ಹೇಳಿದರು. ಅದು ಇವತ್ತಿನ ಬದಲಾವಣೆಗಳಲ್ಲೇ ದೊಡ್ಡದು ಎಂದು ನನಗನ್ನಿಸುತ್ತದೆ. ಓಡಿಸುವವನ ಆಸೆಗೆ ಒಪ್ಪದ ಒಂದು ಸಾಲು ಎಂಜಿನ್ನಿನೊಳಗೆ ಸೇರಿತು, ಅದನ್ನು ಸೇರಿಸುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದವರು ಓಡಿಸುವವರೇ.

ಮಧ್ಯಾಹ್ನದ ಬಿಸಿಲಿಗೆ ಟ್ರ್ಯಾಕಿನ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಊಟ ಮುಗಿಸಿ, ಮೂರೂವರೆಗೆ ಎರಡನೇ ಸರದಿ. ಹೊರಗಿನ ಬಿಸಿ 36 ಡಿಗ್ರಿ. ಹೊರಡುವ ಮುಂಚೆ ಓನರ್ ಮೆಲ್ಲಗೆ ಕೇಳಿದರು, "ಬೂಸ್ಟ್ ಮತ್ತೆ 1.2ಕ್ಕೆ ತಂದ್ರೆ?" ಮೇಸ್ತ್ರಿ ಅವರ ಹೆಗಲ ಮೇಲೆ ಕೈಯಿಟ್ಟು, "ಎಂಟು ಸುತ್ತು ಓಡ್ಸು. ಎಂಟನೇದು ನೋಡಿ ಮಾತಾಡೋಣ" ಎಂದರು.

ನಾನು ಗೋಡೆಗೆ ಒರಗಿ ಎಣಿಸಿದೆ. ಎರಡನೇ ಸುತ್ತು 1:58.1. ಬೆಳಗಿನ ಒಳ್ಳೆಯ ಸುತ್ತಿಗಿಂತ ತುಸು ನಿಧಾನ. ಮೂರು, ನಾಲ್ಕು ಅದರ ಆಸುಪಾಸು. ಐದನೆಯದರಲ್ಲಿ ಬೇರೆ ಕಾರೊಂದು ಮಣ್ಣಿಗೆ ಇಳಿದು ಹಳದಿ ಬಾವುಟ ಬಂತು, ಅದು ಲೆಕ್ಕಕ್ಕಿಲ್ಲ. ಆರು 1:58.3. ಏಳು 1:58.4. ಹುಡುಗರ ಸದ್ದೇ ಇಲ್ಲ, ಗಡಿಯಾರದ ಸುತ್ತ ತಲೆಗಳು ಕೂಡಿದ್ದವು. ಕೊನೆಯ ತಿರುವಿನಿಂದ ಬಿಳಿ ಕಾರು ಹೊರಬಿತ್ತು, ಗೇರು ಬದಲಾಯಿತು, ಆ ಚಪ್ಪಾಳೆ, ಆ ಉಸಿರು. ಎಂಟು, 1:58.6.

ಬೆಳಿಗ್ಗೆ ಎರಡಕ್ಕೂ ಆರಕ್ಕೂ ನಡುವೆ ಮೂರು ಸೆಕೆಂಡಿನ ಅಂತರವಿತ್ತು. ಈಗ ಎರಡಕ್ಕೂ ಎಂಟಕ್ಕೂ ಅರ್ಧ ಸೆಕೆಂಡು. ಗಾಳಿಯ ಬಿಸಿ 55ಕ್ಕೆ ನಿಂತಿತ್ತು. ಕೆಂಪು ಗೆರೆಯಲ್ಲಿ ಮುಳ್ಳಿರಲಿಲ್ಲ. ಹಳದಿ ಗೆರೆ ಸಿ-1ರಲ್ಲಿ 4.8ಕ್ಕಿಂತ ಕೆಳಗಿಳಿದಿರಲಿಲ್ಲ. ಓನರ್ ಕಾರಿನಿಂದ ಇಳಿದು, ಬೆವರಿನಿಂದ ತೊಯ್ದ ಬಟ್ಟೆಯಲ್ಲೇ ಪರದೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಬೂಸ್ಟಿನ ಮಾತು ಎತ್ತಲಿಲ್ಲ. "ಏಳರಲ್ಲಿ ಬ್ರೇಕು ನಾನೇ ಬೇಗ ಹಾಕ್ದೆ" ಎಂದರು, ಅಷ್ಟೇ.

ಕತ್ತಲಾಗುವ ಮುಂಚೆ ಮೇಸ್ತ್ರಿ ಒಂದು ಕೊನೆಯ ಕೆಲಸ ಮಾಡಿದರು. ಆಯಿಲ್ ಆವಿ ಹಿಡಿಯುವ ಡಬ್ಬಿಯ ಕೆಳಗಿನ ತಿರುಪು ಬಿಚ್ಚಿ, ಅದರಲ್ಲಿದ್ದದ್ದನ್ನು ಕೆಮ್ಮಿನ ಔಷಧಿಯ ಹಳೆಯ ಅಳತೆ ಲೋಟಕ್ಕೆ ಇಳಿಸಿಕೊಂಡರು. ಪಿಸ್ಟನ್ ರಿಂಗುಗಳು ಸೋರಿದರೆ, ಆಯಿಲು ಹೆಚ್ಚಾದರೆ ಇಲ್ಲಿ ಗೊತ್ತಾಗುತ್ತದೆ. ಬೆಳಕಿಗೆ ಎತ್ತಿ ಹಿಡಿದು ಗೆರೆಗೆ ಕಣ್ಣು ಹೊಂದಿಸಿದರು. ಹತ್ತು ಮಿಲಿಲೀಟರು ಮುಟ್ಟಿರಲಿಲ್ಲ. ಬೆರಳದ್ದಿ ಉಜ್ಜಿ ನೋಡಿ, ಮೂಸಿ, ಚಿಂದಿ ಬಟ್ಟೆಗೆ ಒರೆಸಿಕೊಂಡರು. ಹುಡುಗನೊಬ್ಬ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡ.

"ಹಗ್ಗ ತನ್ನಿ, ಕಾರು ಏರಿಸೋಣ" ಎಂದರು ಮೇಸ್ತ್ರಿ. ಲಾರಿಯ ಹಲಗೆಗಳು ಮತ್ತೆ ಇಳಿದವು.